ಕಾಡುನಾಯಿಯ ಕೊರಳಪಟ್ಟಿ

ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿದ್ದು ಒಂದು ನಾಯಿಯ ದೆಸೆಯಿಂದ. ಈಗಲೂ ನೆನೆಸಿಕೊಂಡರೆ ಬಾಯಿ ಕಹಿಯಾಗುತ್ತೆ.

ಹೋದ ವರ್ಷ ನಾನೂ ನನ್ನ ಹೆಂಡತಿಯೂ ಜಾಂಬಿಯಾಕ್ಕೆ ಸಫಾರಿ ಹೋಗಿದ್ವಿ. ನನಗೆ ಬೇಕಿದ್ದದ್ದು ಕಾಡುನಾಯಿಯ ಫೋಟೋ. ನಮ್ಮ ಕಡೆ ಸೀಳುನಾಯಿ ಅಂತೀವಲ್ಲ, ಅದರ ಆಫ್ರಿಕಾದ ನೆಂಟ. ಪ್ರಾಣಿಪ್ರೀತಿ ಗೀತಿ ಏನೂ ಇರಲಿಲ್ಲ ಬಿಡಿ. ಅಮೆರಿಕದಲ್ಲಿ ನಾವಿರೋ ಫ್ರೀಮಾಂಟ್‌ನ ಕನ್ನಡದವರ ಫೋಟೋ ಕ್ಲಬ್ಬಿನಲ್ಲಿ ಹುಲಿ, ಚಿರತೆ, ಸಿಂಹ ಎಲ್ಲರ ಹತ್ತಿರಾನೂ ಇತ್ತು, ಇದೊಂದು ಯಾರ ಹತ್ತಿರಾನೂ ಇರಲಿಲ್ಲ.

ಎರಡನೇ ಸಂಜೆ ಕ್ಯಾಂಪಿಗೆ ಅಲ್ಲಿ ಕಾಡುನಾಯಿಗಳ ಮೇಲೆ ಕೆಲಸ ಮಾಡೋ ಸಂಶೋಧಕಿಯೊಬ್ಬಳು ಬಂದಿದ್ದಳು. ಒಂದೊಂದು ಕಾಡುನಾಯಿಯ ಮೈಮೇಲಿನ ಮಚ್ಚೆ ಒಂದೊಂದು ಥರ, ನೀವು ತೆಗೆದ ಫೋಟೋ ಕಳಿಸಿದರೆ ನಮಗೆ ಗುರುತಿಗೆ ಅನುಕೂಲ ಅಂತ ಎಲ್ಲರಿಗೂ ಇಮೇಲ್ ವಿಳಾಸ ಬರೆದುಕೊಟ್ಟಳು.

ಆರನೇ ದಿನ ಬೆಳಿಗ್ಗೆ ಹೆಣ್ಣುನಾಯಿಯೊಂದು ಹುಲ್ಲಿನಿಂದೆದ್ದು, ಮೂತಿ ತುಂಬಾ ರಕ್ತ ಮೆತ್ತಿಕೊಂಡು, ನೆಟ್ಟಗೆ ನನ್ನ ಲೆನ್ಸನ್ನೇ ನೋಡಿತು. ಬೆಳಕು, ಕಣ್ಣು, ಕಿವಿ ಎಲ್ಲ ಕೂಡಿಬಂದಿತ್ತು. ಕೊರಳಲ್ಲಿ ಮಾತ್ರ ದಪ್ಪನೆಯ ರೇಡಿಯೋ ಪಟ್ಟಿ. ಥತ್, ಪಾರ್ಕಿಗೆ ವಾಕಿಂಗ್ ಬಂದ ಸಾಕುನಾಯಿ ಥರ ಕಾಣ್ತಿತ್ತು. ಕಳ್ಳಬೇಟೆಯವರ ತಂತಿ ಉರುಲಿಗೆ ಒಂದು ಸಲ ಕುತ್ತಿಗೆ ಕೊಟ್ಟು ಬದುಕಿದೆ ಸಾರ್, ಎಲ್ಲಿದೆ ಅಂತ ತಿಳಿಯೋಕೆ ಕಟ್ಟಿದ್ದಾರೆ ಅಂತ ಡ್ರೈವರ್ ಹೇಳಿದ. ನಾನು ಹೂಂಗುಟ್ಟಿದೆ.

ಮನೆಗೆ ಬಂದವನೇ ಕಂಪ್ಯೂಟರಿನ ಮುಂದೆ ಕೂತು ಆ ಪಟ್ಟಿ ಅಳಿಸಿದೆ. ಕೂದಲು ಕೂದಲೂ ಹೊಂದಿಸಿದೆ. ನಿಸರ್ಗದ ವಿಭಾಗದಲ್ಲಿ ಏನನ್ನೂ ಅಳಿಸಬಾರದು, ಸೇರಿಸಬಾರದು ಅಂತ ಕ್ಲಬ್ಬಿನ ಸ್ಪರ್ಧೆಯ ಫಾರಂನಲ್ಲಿತ್ತು. ಕೆಳಗೆ ಸಹಿ ಹಾಕಿದೆ. ಆ ಸಂಶೋಧಕಿಗೂ ಅದನ್ನೇ ಕಳಿಸಿದೆ. ಮೂಲ ಫೋಟೋ ಕಳಿಸಬಹುದಿತ್ತು, ಆದರೆ ಅಷ್ಟು ಚೆಂದ ಮಾಡಿದ್ದನ್ನು ಬಿಟ್ಟು ಪಟ್ಟಿ ಇರೋದನ್ಯಾಕೆ ತೋರಿಸಲಿ ಅನ್ನೋ ಕೊಬ್ಬು.

ಗುರುವಾರ ಅವಳ ಉತ್ತರ ಬಂತು. ಮಚ್ಚೆಯಿಂದ ನಾಯಿ ಗುರುತು ಸಿಕ್ಕಿದೆ, ಅದಕ್ಕೆ ಪಟ್ಟಿ ಇರಬೇಕಿತ್ತು, ಒಂದು ವಾರದಿಂದ ಸಿಗ್ನಲ್ ಬೇರೆ ಇಲ್ಲ, ಯಾರೋ ಹಿಡಿದು ಪಟ್ಟಿ ಕತ್ತರಿಸಿದ್ದಾರೆ ಅನ್ನೋ ಭಯ, ಎಲ್ಲರೂ ಹುಡುಕೋಕೆ ಹೊರಟಿದ್ದೇವೆ. ನೀವು ನೋಡಿದಾಗ ಪಟ್ಟಿ ಇರಲೇ ಇಲ್ಲವಾ?

ಪಟ್ಟಿ ಇತ್ತು, ನಾನೇ ಅಳಿಸಿದೆ. ಇಷ್ಟು ಬರೆದಿದ್ದರೆ ಮುಗೀತಿತ್ತು. ಬರೀಲಿಲ್ಲ. ಕ್ಲಬ್ಬಿನ ಪ್ರದರ್ಶನ, ಬಹುಮಾನ ಎಲ್ಲ ಭಾನುವಾರ. ಬರೆದು ಒಪ್ಪಿಕೊಂಡ ಮೇಲೆ ಅಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಸೋಮವಾರ ಬರೆದರಾಯ್ತು ಅಂದುಕೊಂಡೆ. ಶುಕ್ರವಾರ ಆಫೀಸು, ಶನಿವಾರ ಗ್ರೋಸರಿ. ಎರಡೂ ದಿನ ಚೆನ್ನಾಗಿ ಊಟ ಮಾಡಿದೆ, ನಿದ್ದೆಯೂ ಬಂತು.

ಭಾನುವಾರ ನನಗೇ ಮೊದಲ ಬಹುಮಾನ. ಶಾಲು ಹೊದಿಸಿ, ಹಾರ ಹಾಕಿ, ಮನುಷ್ಯನ ಕೈ ಸೋಕದ ಕಾಡು ಅಂದರೆ ಇದು ಅಂತ ಹೊಗಳಿದರು. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ. ನನ್ನ ಹೆಂಡತಿ ಧಾರವಾಡದವಳು, ಅವಳೂ ಜೀಪಿನಲ್ಲಿ ಇದ್ದವಳು. ಫೋಟೋದ ಹತ್ತಿರ ಹೋಗಿ ನೋಡಿ ಬಂದಳು.

"ಅಲ್ರೀ, ಇದರ ಕೊಳ್ಳಾಗ ಪಟ್ಟಿ ಇತ್ತಲ್ಲ. ಎಲ್ಲಿ ಹೋತು?"

ಕಾರಿನಲ್ಲಿ ಕೂತ ಮೇಲೆ ಎಲ್ಲಾ ಹೇಳಿದೆ, ಇಮೇಲ್ ಸಮೇತ. ಅವಳು ಸೀಟ್ ಬೆಲ್ಟು ಹಾಕಿಕೊಳ್ಳಲಿಲ್ಲ.

"ಅವ್ರು ಅಲ್ಲೆ ಬಿಸ್ಲಾಗ ಹುಡುಕ್ಕೋತ ತಿರಗ್ಯಾಡಾಕತ್ತಾರ, ನೀವಿಲ್ಲೆ ಶಾಲು ಹೊದ್ಕೊಂಡು ನಿಂತಿದ್ರಿ. ನಾಚ್ಕಿ ಬರೂದಿಲ್ಲೇನ್ರೀ ನಿಮ್ಗ? ಈಗ ಬರೀರಿ. ನಾ ನೋಡ್ತೀನಿ."

ಪಾರ್ಕಿಂಗ್ ಲಾಟಿನಲ್ಲೇ ಬರೆದೆ. ಮಾರನೇ ದಿನ ಬೆಳಿಗ್ಗೆ ಉತ್ತರ ಬಂತು. ನಾಯಿ ಸಿಕ್ಕಿದೆ, ಕ್ಷೇಮವಾಗಿದೆ, ಪಟ್ಟಿಯೂ ಇದೆ, ಬ್ಯಾಟರಿ ಹೋಗಿತ್ತು ಅಷ್ಟೇ. ಕಾಡಿನಲ್ಲಿ ಉರುಲು ಹುಡುಕಿ ಕೀಳೋ ಗಸ್ತನ್ನು ಇದಕ್ಕಾಗಿ ನಾಲ್ಕು ದಿನ ನಿಲ್ಲಿಸಿದ್ದೆವು, ನಾಳೆಯಿಂದ ಮತ್ತೆ ಹೋಗುತ್ತೇವೆ. ತಿಳಿಸಿದ್ದಕ್ಕೆ ಧನ್ಯವಾದ. ಒಂದು ಬೈಗುಳ ಇರಲಿಲ್ಲ. ಆ ನಾಲ್ಕು ದಿನದಲ್ಲಿ ಯಾವ ಯಾವ ಪ್ರಾಣಿ ಉರುಲಿಗೆ ಬಿತ್ತು ಅಂತ ಅವಳು ಬರೆದಿರಲಿಲ್ಲ. ಕೇಳೋ ಧೈರ್ಯ ನನಗೂ ಬರಲಿಲ್ಲ.

ಬಹುಮಾನ ವಾಪಸ್ ಕೊಡ್ತೀನಿ ಅಂತ ಕ್ಲಬ್ಬಿನ ಕಾರ್ಯದರ್ಶಿಗೆ ಫೋನ್ ಮಾಡಿ, ಆದದ್ದೆಲ್ಲ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರ ಆಗ್ತಿತ್ತು. ಅವರು ನಕ್ಕರು.

"ಬಿಡಿ ಸಾರ್, ಯಾರಿಗೆ ಗೊತ್ತಾಗುತ್ತೆ? ಅದಿರಲಿ, ಅಷ್ಟು ದಪ್ಪ ಪಟ್ಟಿ ಅಂತೀರಿ, ಕೂದಲು ಒಂಚೂರೂ ಕೆಟ್ಟಿಲ್ಲವಲ್ಲ. ಹೇಗೆ ತೆಗೆದ್ರಿ?"

"ಮೊದಲು ಪಕ್ಕದ ಕೂದಲನ್ನ ಬೇರೆ ಲೇಯರಿಗೆ ತಗೋಬೇಕು," ಅಂದೆ. "ಆಮೇಲೆ ನೆರಳು ಯಾವ ಕಡೆ ಬಿದ್ದಿದೆ ನೋಡಿಕೊಂಡು..."

ಥೂ. ಎದುರಿಗೆ ಹೆಂಡತಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದ ಮೇಲೇ ನಾನು ಬಾಯಿ ಮುಚ್ಚಿದ್ದು.