ಪರೀಕ್ಷೆ ಮಾಡುವವನ ಪರೀಕ್ಷೆ

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಲ್ಯಾಬಿನಲ್ಲಿ ಅವನು ಹದಿನಾಲ್ಕು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದ. ಮಕ್ಕಳಾಗದ ಗಂಡಸರ ವೀರ್ಯವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ವೀರ್ಯಾಣು ಎಷ್ಟಿವೆ, ಎಷ್ಟು ಓಡುತ್ತಿವೆ, ಎಷ್ಟು ಸುಮ್ಮನಿವೆ ಎಂದು ಬರೆದುಕೊಡುವುದು. ಡಬ್ಬಿ ಹಿಡಿದು ನಾಚಿ ನೀರಾಗಿ ಬರುವವರಿಗೆ ಧೈರ್ಯ ಹೇಳುವುದರಲ್ಲಿ ಅವನದು ಎತ್ತಿದ ಕೈ. "ಹೆಸರು ಬರ್ದಿದೀರಾ ಸಾರ್? ಮುಚ್ಚಳ ಬಿಗಿಯಾಗಿದ್ಯಾ? ಸರಿ, ಆರಾಮಾಗಿ ಹೋಗ್ಬನ್ನಿ. ಸಿಗರೇಟು ಮಾತ್ರ ಬಿಟ್ಬಿಡಿ." ಇಷ್ಟು ಬುದ್ಧಿ ಹೇಳಿ, ಹಿಂದಿನ ಮೆಟ್ಟಿಲಿಗೆ ಹೋಗಿ ತಾನೊಂದು ಹಚ್ಚುತ್ತಿದ್ದ. ದಿನಕ್ಕೆ ಹನ್ನೆರಡು.

ಮದುವೆಯಾಗಿ ಆರು ವರ್ಷ, ಮಕ್ಕಳಾಗಿರಲಿಲ್ಲ. ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರ್. ಸ್ಕ್ಯಾನು, ಸೂಜಿ, ಮಾತ್ರೆ ಎಲ್ಲ ಅವಳಿಗೇ ಆಗಿತ್ತು; ದೋಷ ಏನೂ ಸಿಕ್ಕಿರಲಿಲ್ಲ. ಅವನ ಪರೀಕ್ಷೆಯ ಮಾತೆತ್ತಿದರೆ, "ನಂದೇನೂ ತೊಂದ್ರೆ ಇರಲ್ಲ ಕಣೇ, ದಿನಾ ಅದನ್ನೇ ನೋಡೋನು ನಾನು" ಎಂದು ತೇಲಿಸಿಬಿಡುತ್ತಿದ್ದ.

ಒಂದು ಭಾನುವಾರ ಬಟ್ಟೆ ಮಡಚುತ್ತಿದ್ದ ಅವನ ತಾಯಿಗೆ ತಡೆಯಲಾಗಲಿಲ್ಲ. "ಆ ಹುಡುಗೀನ ಇನ್ನೆಷ್ಟು ಸಲ ಆಸ್ಪತ್ರೆಗೆ ಎಳೀತೀಯೋ? ಊರೋರ ಡಬ್ಬಿಯೆಲ್ಲ ಬಗ್ಗಿ ಬಗ್ಗಿ ನೋಡ್ತೀಯ, ನಿನ್ನ ಡಬ್ಬಿ ನೋಡೋದು ಯಾವಾಗ?"

ಹೆಂಡತಿ ಗೊಳ್ಳೆಂದು ನಕ್ಕಳು. ನಗು ನಿಂತ ಮೇಲೆ ನೋಡಿದರೆ ಅವಳ ಕಣ್ಣು ಒದ್ದೆ. "ಆರು ವರ್ಷ ರೀ. ಒಂದೇ ಒಂದು ಸಲ ನೀವೂ ಪರೀಕ್ಷೆ ಮಾಡಿಸ್ಕೋಬಹುದಿತ್ತು."

ಸೋಮವಾರ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗಿ ತನ್ನದನ್ನು ತಾನೇ ನೋಡಿದ. ಸಂಖ್ಯೆಗೇನೂ ಕೊರತೆಯಿರಲಿಲ್ಲ. ಆದರೆ ಹತ್ತರಲ್ಲಿ ಎಂಟು, ಊಟ ಮುಗಿಸಿದ ನೆಂಟರ ಹಾಗೆ ಅಲ್ಲಾಡದೆ ಬಿದ್ದುಕೊಂಡಿದ್ದವು. ಮಸೂರ ಒರೆಸಿ ಮತ್ತೆ ನೋಡಿದ. ಮಸೂರದ ತಪ್ಪೇನಿರಲಿಲ್ಲ.

ಹೆಂಡತಿಯನ್ನು ನೋಡುತ್ತಿದ್ದ ಡಾಕ್ಟರಮ್ಮನ ಹತ್ತಿರ ಹೋದ. ಅವರು ಇನ್ನೊಂದು ಪರೀಕ್ಷೆ ಮಾಡಿಸಿ, ಎದುರಿಗೆ ಕೂರಿಸಿಕೊಂಡರು. "ಉಸಿರಾಡೋ ಆಮ್ಲಜನಕದಿಂದ್ಲೇ ಮೈಯೊಳಗೆ ಒಂದಿಷ್ಟು ಪುಂಡ ಕಣಗಳು ಹುಟ್ತವೆ. ಸ್ವಲ್ಪ ಇದ್ರೆ ಅವೂ ಬೇಕು. ಹೊಗೆ ಸೇರಿದ್ರೆ ಜಾಸ್ತಿಯಾಗಿ ಮೈಗೆ ತಡೆಯೋಕಾಗಲ್ಲ. ಇದನ್ನೇ ಉತ್ಕರ್ಷಣ ಒತ್ತಡ ಅನ್ನೋದು. ವೀರ್ಯಾಣುವಿನ ಹೊರಪೊರೆ ಹಾಳಾಗುತ್ತೆ, ಓಟ ನಿಲ್ಲುತ್ತೆ, ಒಳಗಿರೋ ಡಿಎನ್‌ಎಗೂ ಪೆಟ್ಟು. ನಿಮಗೆ ಇದೆಲ್ಲ ಗೊತ್ತಿಲ್ವೇನ್ರಿ?"

"ಗೊತ್ತು ಮೇಡಂ. ಬೇರೆಯವರಿಗೆ ಹೇಳೋವಷ್ಟು ಗೊತ್ತು. ಮಾತ್ರೆ ಏನಾದ್ರೂ...?"

"ಮಾತ್ರೆಯಿಂದ ಎಲ್ಲರಿಗೂ ಗುಣ ಆಗುತ್ತೆ ಅಂತ ಹೇಳೋಕಾಗಲ್ಲ. ಮೊದ್ಲು ಸಿಗರೇಟು ಬಿಡಿ. ಹೊಸವು ತಯಾರಾಗಿ ಬರೋಕೆ ಮೂರು ತಿಂಗಳು ಬೇಕು. ಆಮೇಲೆ ನೋಡೋಣ."

ಆ ಮೂರು ತಿಂಗಳು ಮನೆಯೇ ಶಾಲೆಯಾಯಿತು. ಹೆಂಡತಿ ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ಕದ್ದು ಸೇದಿದ ದಿನ ಕೆಂಪು ಶಾಯಿಯ ಗೀಟು. ಮೊದಲ ವಾರ ನಾಲ್ಕು ಗೀಟು, ಎರಡನೇ ವಾರ ಎರಡು. ತಿಂಗಳಾದ ಮೇಲೆ ಗೀಟು ಬೀಳಲಿಲ್ಲ. ಬಾಯಿ ಚಪಲಕ್ಕೆ ತಾಯಿ ಸೌತೆಕಾಯಿ ಹೆಚ್ಚಿ ಕಟ್ಟಿಕೊಡುತ್ತಿದ್ದಳು. ಹೊತ್ತುಗೊತ್ತಿಲ್ಲದೆ ಕರಕರ ಕಡಿಯುತ್ತಿದ್ದವನಿಗೆ ಲ್ಯಾಬಿನಲ್ಲಿ 'ಸೌತೆಕಾಯಿ ಸಾಹೇಬ್ರು' ಎಂಬ ಬಿರುದು ಸಿಕ್ಕಿತು. ಸಂಜೆ ಗಂಡ ಹೆಂಡತಿ ಕೆರೆಯ ಸುತ್ತ ನಡೆಯುತ್ತಿದ್ದರು. ಎಷ್ಟೋ ವರ್ಷದ ಮೇಲೆ ಅವರಿಬ್ಬರಿಗೂ ಆಸ್ಪತ್ರೆ ಬಿಟ್ಟು ಬೇರೆ ಮಾತು ಸಿಕ್ಕಿತ್ತು.

ಮೂರು ತಿಂಗಳು ತುಂಬಿ ಮತ್ತೆ ಪರೀಕ್ಷೆ ಮಾಡುವ ದಿನ, ಲ್ಯಾಬಿನ ಸಹಾಯಕಿ ಹುಡುಗಿ ಸೂಕ್ಷ್ಮದರ್ಶಕಕ್ಕೆ ಅಡ್ಡ ನಿಂತಳು. "ಅಣ್ಣ, ಇವತ್ತು ನೀವು ಮುಟ್ಟಂಗಿಲ್ಲ. ಆಚೆ ಕೂತ್ಕೊಳ್ಳಿ." ಅವನು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತ. ಪಕ್ಕದಲ್ಲಿದ್ದ ಗಿರಾಕಿಗೆ ಏನು ಹೇಳಬೇಕೋ ತೋಚದೆ ಎರಡು ಹೋಳು ಸೌತೆಕಾಯಿ ಕೊಟ್ಟ.

"ಅಣ್ಣಾ, ಅರ್ಧಕ್ಕರ್ಧ ಓಡ್ತಾ ಇದಾವೆ!" ಒಳಗಿನಿಂದ ಕೂಗು ಬಂತು. ಪಕ್ಕದವನು ಏನೆಂದು ತಿಳಿಯದಿದ್ದರೂ ಕೈ ಕುಲುಕಿದ.

ಅದಾಗಿ ಐದನೇ ತಿಂಗಳಿಗೆ ಹೆಂಡತಿ ಬಸುರಿಯಾದಳು. ಮಗಳು ಹುಟ್ಟಿದಾಗ ಅವನು ಹದಿನೈದು ದಿನ ರಜೆ ಹಾಕಿ, ಮಗುವಿನ ಬಟ್ಟೆಯನ್ನೆಲ್ಲ ತಾನೇ ಒಗೆದ. ಒಗೆದದ್ದು ಸರಿಯಿಲ್ಲವೆಂದು ತಾಯಿ ಮತ್ತೆ ಒಗೆಸಿದಳು. ಹಾಸಿಗೆಯ ಮೇಲಿಂದ ಹೆಂಡತಿ, "ಇರ್ಲಿ ಬಿಡಿ ಅತ್ತೆ, ಕಲೀತಾರೆ" ಎಂದು ನಕ್ಕಳು.