ಹಾಲುಕ್ಕಿಸಿದ ಒಲೆಗೆ ವಾರಂಟಿ ಇಲ್ಲ

ವಾರಂಟಿ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದವರು ಯಾರಾದರೂ ಇದ್ದಾರೆಯೇ ಎಂಬ ಸಂಶಯ ನನಗೆ ಬಹಳ ವರ್ಷಗಳಿಂದ ಇತ್ತು. ನಮ್ಮ ಬೈಲಹೊಂಗಲದ ಮನೆಯಲ್ಲಿ ಮಿಕ್ಸರಿನದು, ಫ್ರಿಜ್ಜಿನದು, ಗೋಡೆ ಗಡಿಯಾರದ್ದು ಎಲ್ಲವೂ ತಿಜೋರಿಯೊಳಗೆ ಇಳಕಲ್ ಸೀರೆಗಳ ಕೆಳಗೆ ಹಾಯಾಗಿ ಮಲಗಿವೆ. ವಸ್ತುಗಳು ಕೆಟ್ಟು ಗುಜರಿಗೆ ಹೋದವು, ಪುಸ್ತಕಗಳು ಮಾತ್ರ ಗರಿಗರಿಯಾಗಿ ಉಳಿದವು. ಪ್ರಶ್ನೆಯನ್ನು ಪೂರ್ತಿ ಓದಿಕೊಂಡು ಉತ್ತರ ಬರೆಯಿರಿ ಎಂದು ಸಾಲೆಯ ಮಕ್ಕಳಿಗೆ ಹೇಳಿ ಹೇಳಿಯೇ ನಿವೃತ್ತಳಾದವಳು ನಾನು. ಈಗ ಕಡೆಗೂ ಒಂದು ವಾರಂಟಿ ಪುಸ್ತಕ ನನಗೆ ಬಾಯಿಪಾಠವಾಗಿದೆ. ಅದು ನಮ್ಮ ಹೊಸ ಮನೆಯದು, ಆ ಮನೆಗೆ ನಾಲ್ಕು ಗಾಲಿಗಳಿವೆ.

ಕಂಪನಿಯವರು ಅದನ್ನು ಮೋಟರ್‌ಹೋಮ್ ಎನ್ನುತ್ತಾರೆ, ನಮ್ಮ ಅತ್ತೆ ಮನಿಗಾಡಿ ಎನ್ನುತ್ತಾರೆ. ಒಳಗೆ ಎರಡು ಹಾಸಿಗೆ, ಒಂದು ಮೂಲೆಯಲ್ಲಿ ಬಚ್ಚಲು, ಕಿಟಕಿಗೆ ಹೊಂದಿಕೊಂಡು ಅಡುಗೆಕಟ್ಟೆ, ಕಟ್ಟೆಯಲ್ಲೇ ಕೂರಿಸಿದ ಗ್ಯಾಸಿನ ಒಲೆ. ಇದನ್ನು ಕೊಂಡವರು ನಮ್ಮವರು. ಹತ್ತಿ ದಲಾಲಿ ಅಂಗಡಿಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡ ಅವರು ಹತ್ತಿ ತುಂಬಿದ ಅಂಡಿಗೆಯೊಳಗೆ ಕೈಹಾಕಿ, ಒಂದು ಎಳೆ ಜಗ್ಗಿ ನೋಡಿ, ಇದರಲ್ಲಿ ಹೋದ ವರ್ಷದ ಹತ್ತಿ ಬೆರೆಸಿದ್ದೀರಿ ಎಂದು ರೈತನ ಮುಖಕ್ಕೇ ಹೇಳುವಂಥವರು. ಅಂಥ ಮನುಷ್ಯ ಶೋರೂಮಿನ ಮೆತ್ತನೆಯ ಸೋಫಾದಲ್ಲಿ ಕೂತು, ಅವರು ಕೊಟ್ಟ ಕಾಫಿ ಕುಡಿದು, ಒಲೆ ಹೊತ್ತಿಸುವ ಕಿವಿಯನ್ನೂ ತಿರುಗಿಸಿ ನೋಡದೆ ಗಾಡಿ ಕೊಂಡು ಬಂದರು. ನಾನು ಆಡಿಕೊಂಡು ನಕ್ಕದ್ದು ನಿಜ. ಆದರೆ ಅವರು ಏಕೆ ಅಷ್ಟು ಅವಸರ ಮಾಡಿದರು ಎಂಬುದು ನನಗೂ ಗೊತ್ತಿತ್ತು.

ಕಾರಣ ಅತ್ತೆ, ಅಂದರೆ ಪಾರವ್ವ. ಮದುವೆಯಾದ ಹೊಸದರಲ್ಲೇ ದೀಕ್ಷೆ ತೆಗೆದುಕೊಂಡಾಗ ಹಿಡಿದ ನೇಮವೊಂದನ್ನು ಅವರು ಇಂದಿಗೂ ಬಿಟ್ಟಿಲ್ಲ. ತಮ್ಮ ಮನೆಯ ಅಡುಗೆಮನೆಯಲ್ಲಿ ಬೆಂದದ್ದನ್ನಷ್ಟೇ ಉಣ್ಣುವುದು. ಬೇಯಿಸುವವರು ಯಾರಾದರೂ ಆಗಲಿ, ಮನೆ ಮಾತ್ರ ತಮ್ಮದಿರಬೇಕು. ಹೀಗಾಗಿ ಅವರು ಎಲ್ಲಿಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಯೊಳಗೆ ತಿರುಗಿ ಬರಬೇಕು. ರಾಮದುರ್ಗದಲ್ಲಿರುವ ತಂಗಿ ನೀಲವ್ವನ ಮನೆಗೂ ಹಾಗೆಯೇ. ತಂಗಿ ಬಿಸಿ ರೊಟ್ಟಿ ಬಡಿಯುತ್ತಿರುವಾಗ ಅಕ್ಕ ಪಡಸಾಲೆಯಲ್ಲಿ ಕೂತು ತಮ್ಮ ಗಂಟು ಬಿಚ್ಚಿ ತಣ್ಣನೆಯ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುವರು. ನೀಲವ್ವ ಎಷ್ಟು ದಿನ ತಾಳಿಯಾಳು. ಒಮ್ಮೆ ಬೈಲಹೊಂಗಲಕ್ಕೆ ಬಂದವಳು ತಾನೂ ಒಂದು ಬುತ್ತಿ ತಂದು, ನಮ್ಮ ಪಡಸಾಲೆಯಲ್ಲಿ ಅಕ್ಕನ ಎದುರಿಗೇ ಕೂತು ಬಿಚ್ಚಿದಳು. ಅಂದಿನಿಂದ ಅಕ್ಕ ತಂಗಿಯರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ತಮ್ಮ ತಮ್ಮ ಬುತ್ತಿ ಉಂಡು, ನಗುನಗುತ್ತಾ ಮಾತಾಡಿ, ಒಳಗೊಳಗೇ ಮುನಿಸಿಕೊಂಡು ಬೇರೆಯಾಗುವರು.

ಈಗ ನೀಲವ್ವನ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ಅತ್ತೆಗೋ ತಂಗಿಯ ಜೊತೆ ನಾಲ್ಕು ದಿನ ಇರಬೇಕೆಂಬ ಆಸೆ ಗಟ್ಟಿಯಾಗಿತ್ತು, ಬಾಯಿಬಿಟ್ಟು ಹೇಳಿದವರಲ್ಲ. ಮಗನಿಗೆ ಅರ್ಥವಾಯಿತು. ಅವ್ವ ಮನೆ ಬಿಟ್ಟು ಉಣ್ಣುವುದಿಲ್ಲವಾದರೆ ಮನೆಯನ್ನೇ ಜೊತೆಗೆ ಕಳಿಸೋಣ ಎಂದು ಅವರ ತಲೆ ಓಡಿತು. ದಲಾಲರ ತಲೆ ಹೀಗೆಯೇ, ನೇಮ ಮುರಿಯುವುದಿಲ್ಲ, ಸಂದಿ ಹುಡುಕುತ್ತದೆ.

ಗಾಡಿ ಅಂಗಳಕ್ಕೆ ಬಂದ ದಿನ ಅತ್ತೆ ಒಂದು ಕರಾರು ಹಾಕಿದರು. ಇದು ನನ್ನ ಮನೆಯಾಗಬೇಕಾದರೆ ಮೊದಲು ಹಾಲು ಉಕ್ಕಿಸಬೇಕು. ತಪ್ಪೇನಿದೆ, ಹೊಸ ಮನೆಗೆ ಹೊಕ್ಕಾಗ ಎಲ್ಲರೂ ಮಾಡುವುದೇ. ಈ ಹಾಲಿನ ವಿಷಯ ಯೋಚಿಸಿದಾಗಲೆಲ್ಲ ನನಗೆ ನಗು ಬರುತ್ತದೆ. ವರ್ಷವಿಡೀ ಹಾಲು ಉಕ್ಕಿತೋ ಮನೆಯ ಹೆಂಗಸಿನ ಕತೆ ಮುಗಿಯಿತು, ಗಮನ ಎಲ್ಲಿತ್ತು ಎಂದು ಗಂಡ, ಅತ್ತೆ, ಕಡೆಗೆ ಓಣಿಯ ಬೆಕ್ಕು ಕೂಡ ಕೇಳುತ್ತದೆ. ಆದರೆ ಮೊದಲ ದಿನ ಅದೇ ಹಾಲು ಉಕ್ಕಲಿ ಎಂದು ಬಳಗವೆಲ್ಲ ಪಾತ್ರೆಯ ಸುತ್ತ ಕೈಮುಗಿದು ನಿಂತಿರುತ್ತದೆ. ಮನೆಯಲ್ಲಿ ಸಮೃದ್ಧಿಯೂ ಗಮನಗೇಡಿತನವೂ ಹೊರಗಿನಿಂದ ನೋಡಲು ಒಂದೇ ಥರ ಇರುತ್ತವೆ, ತಿಥಿ ಮಾತ್ರ ಬೇರೆ. ನಾವೂ ಇಕ್ಕಟ್ಟಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತೆವು. ಹಾಲು ಧಾರಾಳವಾಗಿ ಉಕ್ಕಿತು, ಕಟ್ಟೆಯ ಮೇಲೆ ಹರಿಯಿತು, ಒಲೆಯ ಹೊಟ್ಟೆಗೂ ಇಳಿಯಿತು. ಅತ್ತೆಗೆ ಸಮಾಧಾನವಾಯಿತು.

ಮರುದಿನದಿಂದ ಒಲೆಗೆ ಒಂದು ಚಾಳಿ ಅಂಟಿಕೊಂಡಿತು. ಕಿವಿ ಒತ್ತಿ ಹಿಡಿದಿರುವಷ್ಟು ಹೊತ್ತು ಉರಿಯುತ್ತದೆ, ಕೈ ತೆಗೆದರೆ ಆರುತ್ತದೆ. ಹೀಗೆ ಒಂದು ಕೈಯಿಂದ ಒಲೆಯ ಕಿವಿ ಹಿಂಡುತ್ತಾ ಇನ್ನೊಂದು ಕೈಯಿಂದ ರೊಟ್ಟಿ ಬಡಿಯುವ ಹೆಂಗಸು ಇನ್ನೂ ಹುಟ್ಟಿಲ್ಲ. ಅಂದ ಹಾಗೆ ರೊಟ್ಟಿ ಬಡಿದಾಗ ಇಡೀ ಗಾಡಿ ಕುಣಿದು, ಮೇಲಿನ ಕಪಾಟಿನ ಬಾಗಿಲು ತಾನಾಗಿ ತೆರೆದು, ಡಬ್ಬಿಗಳು ನಮ್ಮ ತಲೆಯ ಮೇಲೆ ಬೀಳುವುದು ಬೇರೆ. ಈ ದೂರಿಗೆ ಕಂಪನಿಯವರು, ಒಳಗೆ ಅತಿಯಾದ ಅದುರಾಟ ಆಗದಂತೆ ನೋಡಿಕೊಳ್ಳಿ ಎಂದು ಉತ್ತರ ಕೊಟ್ಟರು. ಜೋಳದ ರೊಟ್ಟಿಯ ನಾಡಿಗೆ ಗಾಡಿ ಮಾರುವವರು ಒಮ್ಮೆ ನಮ್ಮ ಅಡುಗೆಮನೆಗೆ ಬಂದು ಹೋಗಬೇಕಿತ್ತು.

ಒಲೆಯ ವಿಷಯಕ್ಕೆ ನಮ್ಮವರು ಫೋನು ಹಿಡಿದು ಕೂತರು. ಗಾಡಿಯ ಕಂಪನಿ, ಎಂಜಿನ್ನು ಗಾಲಿ ನಮ್ಮವು, ಒಳಗಿನ ಮನೆ ನಮ್ಮದಲ್ಲ ಎಂದಿತು. ಒಳಗಿನ ಮನೆ ಕಟ್ಟಿದವರು, ಒಲೆ ನಾವು ಮಾಡಿದ್ದಲ್ಲ, ಕೊಂಡು ತಂದದ್ದು ಎಂದರು. ಒಲೆಯವರನ್ನು ಕೇಳಿದರೆ, ಅದನ್ನು ಮನೆಯಲ್ಲಿಡಲು ಮಾರಿದ್ದು, ನೀವು ವಾಹನದಲ್ಲಿಟ್ಟಿದ್ದೀರಿ ಎಂದರು. ವಾಹನದವರಿಗೆ ಅದು ಮನೆ, ಒಲೆಯವರಿಗೆ ಅದು ವಾಹನ. ನಡುವೆ ನಮ್ಮ ಸಂಸಾರ ನಿಂತಿತ್ತು.

ನನ್ನಪ್ಪ ದನದ ಸಂತೆಯಲ್ಲಿ ಎತ್ತು ಕೊಳ್ಳುವುದನ್ನು ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಮಾರುವವನು ಹಾಯುವುದಿಲ್ಲ, ಒದೆಯುವುದಿಲ್ಲ, ಬೇಕಿದ್ದರೆ ಹೂಡಿ ನೋಡಿ ಎನ್ನುತ್ತಿದ್ದ. ಅಷ್ಟೇ ವಾರಂಟಿ. ಅಪ್ಪ ಹಲ್ಲು ನೋಡುವರು, ಸುಳಿ ನೋಡುವರು, ನಡೆಸಿ ನೋಡುವರು. ಎತ್ತು ಮುಂದೆ ಮಲಗಿಬಿಟ್ಟರೆ ಮುಂದಿನ ಸಂತೆಯಲ್ಲಿ ಅದೇ ಮರದ ಕೆಳಗೆ ಅದೇ ಮನುಷ್ಯ ಸಿಗುತ್ತಿದ್ದ. ಮುಂಗಾಲು ಮಾತ್ರ ನನ್ನವು, ಹಿಂಗಾಲಿನವನನ್ನು ಬೇರೆ ಕೇಳಿ ಎಂದು ಅವನೆಂದೂ ಹೇಳಲಿಲ್ಲ. ನಮಗೆ ಫೋನಿನಲ್ಲಿ ಸಿಕ್ಕವರು ದಿನಕ್ಕೊಬ್ಬರು, ಎಲ್ಲರೂ ಬಹಳ ವಿನಯವಂತರು, ಯಾರ ಮೇಲೂ ಸಿಟ್ಟಾಗಲು ಬರುವಂತಿರಲಿಲ್ಲ.

ಪುಸ್ತಕವನ್ನು ನಾನು ಬಾಯಿಪಾಠ ಮಾಡಿದ್ದು ಆಗಲೇ. ಗ್ರಾಹಕರು ಚೆಲ್ಲಿದ ದ್ರವದಿಂದಾದ ಹಾನಿಗೆ ವಾರಂಟಿ ಇಲ್ಲ ಎಂದು ಒಂದು ಸಾಲು. ಕಂಪನಿಯದಲ್ಲದ ಒಲೆಯನ್ನು ಒಳಗಿಟ್ಟು ಬಳಸಿದರೆ ಇಡೀ ಒಳಮನೆಯ ವಾರಂಟಿ ರದ್ದು ಎಂದು ಇನ್ನೊಂದು. ಈ ಎರಡನೆಯ ಸಾಲಿಗೆ ನಮ್ಮವರು ಬಹಳ ಹೆದರಿದ್ದರು. ಹಳೆಯ ಗ್ಯಾಸಿನ ಒಲೆ ಒಳಗಿಟ್ಟುಕೊಂಡು ರಾಮದುರ್ಗಕ್ಕೆ ಹೊರಟುಬಿಡೋಣ ಎಂದು ನಾನಂದರೆ ಸುತರಾಂ ಒಪ್ಪಲಿಲ್ಲ. ಗಾಡಿ ಅಂಗಳದಲ್ಲಿ ನಿಂತೇ ಇತ್ತು. ಅತ್ತೆ ಬೆಳಿಗ್ಗೆ ಎದ್ದು ಅದಕ್ಕೆ ವಿಭೂತಿ ಹಚ್ಚಿ, ಏನೂ ಕೇಳದೆ ಒಳಗೆ ಬರುವರು. ಆ ಏನೂ ಕೇಳದಿರುವುದೇ ನಮಗೆ ನುಂಗಲಾರದ ತುತ್ತಾಯಿತು.

ಕೊನೆಗೆ ಕಂಪನಿಯ ಎಂಜಿನಿಯರೊಬ್ಬ ಬರಲು ಒಪ್ಪಿದ. ಬೈಲಹೊಂಗಲದವರೆಗೆ ಅಲ್ಲ, ಹೆದ್ದಾರಿಯ ಮೇಲೆ ಕಿತ್ತೂರಿನವರೆಗೆ. ಮನೆಯನ್ನು ತೆಗೆದುಕೊಂಡು ನಾವೇ ಹೋದೆವು. ಮನೆ ಹೋದ ಮೇಲೆ ಯಜಮಾನತಿ ಇಲ್ಲಿದ್ದು ಏನು ಮಾಡುವುದು ಎಂದು ಅತ್ತೆಯೂ ಬಂದರು. ಪೆಟ್ರೋಲ್ ಬಂಕಿನ ಬದಿಗೆ ಗಾಡಿ ನಿಂತಿತು, ಎಂಜಿನಿಯರ್ ಒಲೆ ಬಿಚ್ಚಿದ, ಒಣಗಿದ ಹಾಲಿನ ಕೆನೆ ಕಂಡಿತು. ಇದು ಗ್ರಾಹಕರ ಅಜಾಗ್ರತೆ ಎಂದು ಅವನು ಮೆತ್ತಗೆ ಹೇಳಿದ. ಹಾಸಿಗೆಯ ಮೇಲೆ ಕೂತಿದ್ದ ಅತ್ತೆ ಅವನನ್ನು ಹತ್ತಿರ ಕರೆದರು.

“ತಮ್ಮಾ, ನಿಮ್ಮ ಮಂದಿ ಇದನ್ನ ಮನಿ ಅಂತ ಮಾರ್ಯಾರೋ, ಗಾಡಿ ಅಂತ ಮಾರ್ಯಾರೋ?”

ಗಾಲಿಯ ಮೇಲಿನ ಮನೆ ಎಂದು ಅವರ ಜಾಹೀರಾತಿನಲ್ಲೇ ಇದೆ ಎಂದು ಅವನು ಒಪ್ಪಿದ.

“ಮನಿ ಅಂದ ಮ್ಯಾಲೆ ಹಾಲು ಉಕ್ಕತೈತಿ. ನಿಮ್ಮವ್ವ ಉಕ್ಕಿಸಿಲ್ಲೇನು? ಹಾಲು ಉಕ್ಕಿದ್ದು ತಾಳಲಾರದ ಒಲಿ ಮನಿಯೊಳಗ ಯಾಕ ಇಟ್ರಿ?”

ಅವನಿಗೆ ನಗು ಬಂತು. ಹೋದ ತಿಂಗಳಷ್ಟೇ ನಮ್ಮನೆಯಲ್ಲೂ ಉಕ್ಕಿಸಿದ್ದೇವೆ ಎಂದ. ಹೊಸ ಒಲೆಗಾಗಿ ಮೇಲಿನವರಿಗೆ ಬರೆಯುತ್ತೇನೆ, ಸದ್ಯಕ್ಕೆ ಉಜ್ಜಿ ನಡೆಯುವಂತೆ ಮಾಡುತ್ತೇನೆ, ಎಷ್ಟು ದಿನವೋ ಹೇಳಲಾರೆ ಎಂದು ಬೆವರು ಹರಿಸಿ ದುಡಿದ. ಒಲೆ ಉರಿಯಿತು. ಅದರ ಮೊದಲ ಚಹಾ ಅವನಿಗೇ ಕೊಟ್ಟೆವು.

ಅದು ಮತ್ತೆ ಕೆಡುವ ಮೊದಲೇ ಎಂದು ನಾವು ಮರುದಿನವೇ ಹೊರಟೆವು. ದಾರಿಯಲ್ಲಿ ನವಿಲುತೀರ್ಥದ ನೀರು ಕಾಣುವಲ್ಲಿ ನಿಲ್ಲಿಸಿ ಉಪ್ಪಿಟ್ಟು ಮಾಡಿದೆ. ಅತ್ತೆ ಕಿಟಕಿಗೆ ಒರಗಿ, ಅಣೆಕಟ್ಟೆ ನೋಡುತ್ತಾ ಬಿಸಿಬಿಸಿ ಉಂಡರು. ಹೊರಗೆ ಬಂದು ಬಿಸಿ ಉಂಡದ್ದು ಅವರಿಗೆ ಅದೇ ಮೊದಲು. ನನಗೆ ಗಾಡಿ ಕೊಂಡದ್ದಕ್ಕೆ ಅಂದು ನಿಜವಾಗಿ ಸಂತೋಷವಾಯಿತು.

ರಾಮದುರ್ಗದಲ್ಲಿ ನೀಲವ್ವ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಗಾಡಿ ಅಂಗಳಕ್ಕೆ ತಿರುಗಿದಾಗ ಅವಳ ಮುಖ ಅರಳಿತು, ಒಳಗೆ ಇಣುಕಿ ಅಡುಗೆಕಟ್ಟೆ ಕಂಡಾಗ ಬಾಡಿತು. “ಇಷ್ಟ ದಿನ ಬುತ್ತಿ ತರತಿದ್ಲು, ಈಗ ಅಡಗಿಮನೀನ ಹೊತ್ತು ತಂದಾಳ” ಎಂದಳು. ನಾವು ಯಾರೂ ಇದನ್ನು ಯೋಚಿಸಿರಲಿಲ್ಲ. ನೇಮಕ್ಕೆ ಸಂದಿ ಹುಡುಕಿದ ದಲಾಲರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾ ನಿಂತರು. ನಾನು ತಪ್ಪಿಸಿಕೊಳ್ಳಲು ಒಳಗೆ ಹೋಗಿ ಅಡುಗೆಗೆ ಹಚ್ಚಿದೆ. ಒಲೆಯ ಕಿವಿ ಒತ್ತಿದೆ, ಉರಿಯಿತು. ಕೈ ತೆಗೆದೆ, ಆರಿತು. ಮತ್ತೆ ಒತ್ತಿದೆ, ಮತ್ತೆ ಆರಿತು.

ಊಟದ ಹೊತ್ತು ಮೀರಿತು. ಅತ್ತೆ ಲಿಂಗಪೂಜೆ ಮುಗಿಸಿ ಹಸಿದು ಕೂತಿದ್ದರು. ನಮ್ಮವರು ಫೋನಿನಲ್ಲಿ ಯಾರೋ ವಿನಯವಂತರಿಗೆ ಹಾಲಿನ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದರು. ಆಗ ನೀಲವ್ವ ಗೋಡೆ ಹಿಡಿದುಕೊಂಡು ತನ್ನ ಮನೆಯೊಳಗೆ ಹೋದಳು, ಸೊಸೆಯ ಕೈಯಲ್ಲಿ ತನ್ನ ಒಲೆ, ಸಿಲಿಂಡರು, ಹಿಟ್ಟು ನಾದುವ ಕೊಮನಿಗೆ ಎಲ್ಲ ಹೊರಿಸಿಕೊಂಡು ಬಂದಳು. ನಮ್ಮವರು ಫೋನು ಕಿವಿಯಿಂದ ತೆಗೆದು, ಕಂಪನಿಯದಲ್ಲದ ಒಲೆ ಒಳಗಿಟ್ಟರೆ ವಾರಂಟಿ ಪೂರ್ತಿ ಹೋಗುತ್ತದೆ ಎಂದು ಚಿಕ್ಕವ್ವನಿಗೆ ತಿಳಿಸಲು ನೋಡಿದರು. ಅವಳು ಅವರನ್ನು ಸರಿಸಿ, ನನ್ನ ಹೆಗಲಿಗೆ ಕೈಯೂರಿ, ಮೊಣಕಾಲು ಶಪಿಸುತ್ತಾ ಗಾಡಿ ಹತ್ತಿದಳು. ಒಲೆ ಹೊತ್ತಿಸಿದಳು. ಎಣಗಾಯಿ ಮಾಡಿದಳು, ರೊಟ್ಟಿ ಬಡಿದಳು. ಗಾಡಿ ಕುಣಿಯಿತು, ಡಬ್ಬಿಗಳು ಬಿದ್ದವು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಾಟಿಗೆ ಹಾಕಿ ಅಕ್ಕನ ಎದುರು ಹಿಡಿದಳು.

“ಒಲಿ ನಂದೈತಿ ಅಕ್ಕಾ. ಉಣ್ಣತೀಯೋ, ಇಲ್ಲೋ?”

ಅತ್ತೆ ಒಮ್ಮೆ ಒಲೆಯನ್ನು, ಒಮ್ಮೆ ಕಿಟಕಿಯಾಚೆಗಿನ ತಂಗಿಯ ಮನೆಯನ್ನು ನೋಡಿದರು. “ಒಲಿ ನಿಂದು, ಮನಿ ನಂದು. ಬಡಸು” ಎಂದರು. ಮತ್ತೆ ನೆನಪಾದಂತೆ, “ನೀನೂ ಕುಂತ್ಕೋ. ನಮ್ಮ ಮನ್ಯಾಗ ಇವತ್ತು ನಿನ್ನ ಬುತ್ತಿ ನಡಿಯೂದಿಲ್ಲ” ಎಂದರು. ಇಬ್ಬರೂ ಒಂದೇ ಹಾಸಿಗೆಯ ಅಂಚಿಗೆ ಕೂತು, ತಾಟು ತೊಡೆಯ ಮೇಲಿಟ್ಟುಕೊಂಡು ಉಂಡರು. ಎಣಗಾಯಿಗೆ ಉಪ್ಪು ಕಮ್ಮಿ ಎಂದು ಅಕ್ಕ, ನಿನ್ನ ನಾಲಿಗೆಯೇ ಸತ್ತಿದೆ ಎಂದು ತಂಗಿ ಜಗಳವಾಡಿದರು. ನನ್ನ ಕಣ್ಣು ತುಂಬಿ ಬಂತು, ಹೊಗೆಯ ನೆವ ಹೇಳಲು ಗ್ಯಾಸಿನ ಒಲೆಯಲ್ಲಿ ಹೊಗೆಯೂ ಇರಲಿಲ್ಲ.

ಎರಡು ದಿನ ಕಳೆದು ಆ ಕಿತ್ತೂರಿನ ಎಂಜಿನಿಯರನ ಫೋನು ಬಂತು. ಹೊಸ ಒಲೆ ಮಂಜೂರಾಗಿದೆ, ನಾಳೆ ರಾಮದುರ್ಗಕ್ಕೇ ಬಂದು ಕೂರಿಸಿ ಕೊಡುತ್ತೇನೆ ಎಂದ. ಇಷ್ಟು ದಿನ ಹೋರಾಡಿ ಗೆದ್ದ ಸುದ್ದಿಯನ್ನು ನಮ್ಮವರು ಓಡಿ ಬಂದು ಅವ್ವನಿಗೆ ಹೇಳಿದರು. ಅತ್ತೆ ತಂಗಿಯ ಪಕ್ಕ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ.

“ಅವಸರ ಇಲ್ಲಂತ ಹೇಳು. ನಾವು ಊರಿಗೆ ಹೋದ ಮ್ಯಾಲೆ ಬರಲಿ.”

ನಮ್ಮವರು ನನ್ನ ಮುಖ ನೋಡಿದರು, ನಾನು ಮೆಂತೆ ಸೊಪ್ಪಿನ ಕಡೆ ನೋಡಿದೆ. ಅವರು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು, ಸದ್ಯ ಒಲೆ ಬಹಳ ಚೆನ್ನಾಗಿ ಉರಿಯುತ್ತಿದೆ, ಏನೂ ಗಡಿಬಿಡಿ ಇಲ್ಲ ಎಂದರು. ಅದು ಸುಳ್ಳಲ್ಲ. ಯಾವ ಒಲೆ ಎಂದು ಆ ಹುಡುಗ ಕೇಳಲೂ ಇಲ್ಲ.