ಅಕ್ಕನಾಗಮ್ಮನ ಹೆಗಲ ಅಳತೆ

ಗುರುಬಾಯಿಯ ತವರು ಅಕ್ಕಲಕೋಟ, ಗಂಡನ ಮನೆ ಸೊಲ್ಲಾಪುರ. ನಡುವೆ ಒಂದು ರೈಲು, ಅದು ಇಳಿಸಿದ ಮೇಲೆ ಊರಿನ ತನಕ ಒಂದು ಟಾಂಗಾ. ಇಷ್ಟು ಹತ್ತಿರವಿದ್ದ ತಾಯಿಗೆ ಒಂದು ಉಣ್ಣೆಯ ಅಂಗಿ ಹೆಣೆದು ಕೊಡಲು ಅವಳಿಗೆ ನಾಲ್ಕು ಚಳಿಗಾಲ ಹಿಡಿಯಿತು. ಕೈ ನಿಧಾನವೆಂದಲ್ಲ. ಓಣಿಯ ಹೆಂಗಸರು ಒಂದು ಕಾಲುಚೀಲ ಮುಗಿಸುವಷ್ಟರಲ್ಲಿ ಅವಳು ಜೋಡಿ ಮುಗಿಸಿ ಎದ್ದು ರೊಟ್ಟಿ ಬಡಿಯುತ್ತಿದ್ದಳು. ತಡಕ್ಕೆ ಕಾರಣವೇ ಬೇರೆ. ಅದನ್ನು ಹೇಳಬೇಕಾದರೆ ಅವಳ ಅಪ್ಪ ಸತ್ತ ದಿನದಿಂದ ಹೇಳಬೇಕು.

ದೊಡ್ಡ ಜ್ವರ ಬಂದು ಓಣಿಓಣಿ ಖಾಲಿಯಾದ ಹದಿನೆಂಟನೇ ಇಸವಿಯಲ್ಲಿ ಅಪ್ಪ ಕಲ್ಯಾಣಪ್ಪ ತೀರಿಕೊಂಡ. ಆಗ ಅವಳಿಗೆ ಒಂಬತ್ತು ವರ್ಷ. ಲಿಂಗವಂತರ ಮನೆ, ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ, ಕೂತಂತೆಯೇ ಮಣ್ಣು ಮಾಡುತ್ತಾರೆ. ಅಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ, ತಲೆಗೆ ರುಮಾಲು ಸುತ್ತಿ ಕೂರಿಸಿದ್ದರು. ಯಾರೋ ಬರುವುದನ್ನು ಕಾಯುತ್ತಾ ಕೂತಲ್ಲೇ ತೂಕಡಿಸಿದವನ ಹಾಗೆ ಕಾಣುತ್ತಿದ್ದ. ಕಾಕಾ ನಾಗಣ್ಣ, ಅಂದರೆ ಅಪ್ಪನ ತಮ್ಮ, ಒಂದು ದಾರ ತಂದು ಅಣ್ಣನ ಎಡಹೆಗಲಿನಿಂದ ಬಲಹೆಗಲಿಗೆ ಎಳೆದು ಹಿಡಿದ, ಗಂಟು ಹಾಕಿದ. ಬೆನ್ನಿನಿಂದ ಮೊಣಕಾಲಿಗೆ ಹಿಡಿದ, ಇನ್ನೊಂದು ಗಂಟು ಹಾಕಿದ. ದಾರವನ್ನು ಬೆರಳಿಗೆ ಸುತ್ತಿಕೊಂಡು ಕುಣಿ ತೋಡಿಸಲು ಹೊಲಕ್ಕೆ ಹೊರಟ. ಬಾಗಿಲ ಪಕ್ಕದಲ್ಲಿ ನಿಂತಿದ್ದ ತಾಯಿ, ಮಗಳು ಇಬ್ಬರೂ ಅದನ್ನು ನೋಡಿದರು.

ಅಂದಿನಿಂದ ತಾಯಿ ಅಕ್ಕನಾಗಮ್ಮ ತನ್ನ ಮೈಗೆ ಯಾರಿಗೂ ಅಳತೆ ಹಿಡಿಯಗೊಡಲಿಲ್ಲ. ಕುಬಸ ಹೊಲಿಸಬೇಕಾದರೆ ಹಳೆಯ ಕುಬಸವನ್ನೇ ಶಿಂಪಿಗನಿಗೆ ಕಳಿಸುವಳು. ಬಳೆಗಾರ ಕೈ ಹಿಡಿದು ಮಣಿಕಟ್ಟು ನೋಡಿದರೂ ಅವಳ ಮುಖ ಸಪ್ಪಗಾಗುತ್ತಿತ್ತು. ನಾಗಣ್ಣನ ತುಂಬಿದ ಮನೆಯಲ್ಲಿ ನಾಲ್ಕು ಮಂದಿಯ ಕೆಲಸ ಒಬ್ಬಳೇ ಮಾಡುವ ಗಟ್ಟಿ ಹೆಂಗಸು ಆಕೆ, ಮಾತಿಗೆ ಮಾತು ಕೊಡುವವಳು. ಒಂದು ಗೇಣು ದಾರಕ್ಕೆ ಮಾತ್ರ ಹೆದರುತ್ತಿದ್ದಳು. ನಗುವವರು ನಗಲಿ. ಗಂಡನ ಹೆಗಲ ಮೇಲೆ ಆ ದಾರವನ್ನು ನೋಡಿದವಳು ಆಕೆ, ನಾವಲ್ಲ.

ಗುರುಬಾಯಿ ಹದಿನಾಲ್ಕಕ್ಕೆ ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಳು. ಗಂಡ ಸಾತಲಿಂಗಪ್ಪ ಗಿರಣಿಯಲ್ಲಿ ಮಗ್ಗದ ಕೆಲಸಗಾರ, ಮಾತು ಕಡಿಮೆ, ಮನಸ್ಸು ಒಳ್ಳೆಯದು. ಗಿರಣಿಯ ಭೋಂಗಾ ಊದಿದರೆ ಮನೆ ಬಿಡುವನು, ಇನ್ನೊಂದು ಭೋಂಗಾಕ್ಕೆ ತಲೆತುಂಬ ಹತ್ತಿಯ ಎಳೆ ಹೊತ್ತು ಬರುವನು. ಅವರಿದ್ದದ್ದು ಚಾಳಿನಲ್ಲಿ, ಗಿರಣಿಯವರ ಸಾಲುಕೋಣೆಗಳಲ್ಲಿ; ಅದರ ಕೊನೆಯ ಕೋಣೆಯಲ್ಲಿ ಸೋನಾಬಾಯಿ ಎಂಬ ಮರಾಠಿ ಮಾತಿನ ಕ್ರೈಸ್ತ ಮಾಸ್ತರಿಣಿ ಇದ್ದಳು. ಮಧ್ಯಾಹ್ನ ಹೆಂಗಸರನ್ನು ಕೂಡಿಸಿಕೊಂಡು ಎರಡು ಕಡ್ಡಿಗಳಿಂದ ಉಣ್ಣೆ ಹೆಣೆಯುವುದನ್ನು ಕಲಿಸುವಳು. ಉಣ್ಣೆಗೆ ಆಕೆ ಲೋಕರ ಎನ್ನುತ್ತಿದ್ದಳು. ಚಾಳೆಲ್ಲ ಲೋಕರ ಎಂದೇ ಕಲಿತಿತು.

ಇಪ್ಪತ್ತೇಳನೇ ಇಸವಿಯಲ್ಲಿ ಅಕ್ಕನಾಗಮ್ಮ ತುಂಬಿದ ಕೊಡ ಹೊತ್ತು ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಎಲುಬು ಕೂಡಿಸುವವನು ತನಗೆ ಬಂದಂತೆ ಕೂಡಿಸಿದ. ಎಡಹೆಗಲು ಬಲಕ್ಕಿಂತ ನಾಲ್ಕು ಬೆರಳು ಕೆಳಗಿಳಿಯಿತು, ತೋಳು ಎದೆಯಿಂದ ಮೇಲೆ ಏಳದಾಯಿತು. ಚಳಿ ಬಿತ್ತೆಂದರೆ ಆ ಹೆಗಲೊಳಗೆ ಯಾರೋ ಉಳಿ ಹೊಡೆದಂತೆ ನೋವು. ಶಾಲು ಹೊದೆದರೆ ಇಳಿದ ಹೆಗಲಿನಿಂದ ಜಾರುತ್ತದೆ. ಬೀಸುವಾಗ ಜಾರುತ್ತದೆ, ರೊಟ್ಟಿ ಬಡಿಯುವಾಗ ಜಾರಿ ಒಲೆಗೆ ಬೀಳುತ್ತದೆ. ತಲೆಯ ಮೇಲಿಂದ ಹಾಕುವ ಅಂಗಿಗೆ ತೋಳು ಏಳುವುದಿಲ್ಲ.

ಗುರುಬಾಯಿ ಯೋಚಿಸಿ ಯೋಚಿಸಿ ಒಂದು ಉಪಾಯ ತೆಗೆದಳು. ಎರಡು ತೋಳು, ಅವೆರಡನ್ನೂ ಕೂಡಿಸುವ ಬೆನ್ನು, ಅಷ್ಟೇ. ಮುಂದೆ ಏನೂ ಇಲ್ಲ. ಹಿಂದಿನಿಂದ ಕೈ ತೂರಿಸಿದರೆ ಹೆಗಲ ಮೇಲೆ ಕೂರಬೇಕು, ಜಾರಬಾರದು. ಅದಕ್ಕೆ ಹೆಸರೂ ಇರಲಿಲ್ಲ. ಹೆಗಲಂಗಿ ಎಂದು ತಾನೇ ಇಟ್ಟಳು. ಮೊದಲ ವರ್ಷ ಕಣ್ಣಂದಾಜಿನಲ್ಲಿ ಹೆಣೆದು ಒಯ್ದಳು. ಎಡತೋಳು ಒಳಗೆ ಹೋಗುವಷ್ಟರಲ್ಲಿ ಅಕ್ಕನಾಗಮ್ಮ ನೋವಿಗೆ ಕಿಟಾರನೆ ಕಿರುಚಿದಳು. ಬಲಗಡೆ ಉಬ್ಬಿ ನಿಂತಿತು. ಗುರುಬಾಯಿ ಅಳುತ್ತಲೇ ಅದನ್ನು ಬಿಚ್ಚಿ ಮತ್ತೆ ಉಂಡೆ ಮಾಡಿದಳು.

ಸೋನಾಬಾಯಿ ಬೈದಳು. "ಅಂದಾಜ ಚಾಲಣಾರ ನಾಹೀ. ಮಾಪ ಆಣ."

ಅಂದಾಜು ನಡೆಯದು, ಅಳತೆ ತಾ ಎಂದು. ಸರಿ, ಮರುವರ್ಷ ದೀಪಾವಳಿಗೆ ತವರಿಗೆ ಹೋದಾಗ ಗುರುಬಾಯಿ ಸೆರಗಿನಲ್ಲಿ ಒಂದು ಬಿಳಿ ದಾರ ಕಟ್ಟಿಕೊಂಡೇ ಹೋದಳು. ತಾಯಿ ಒಳ್ಳೆಯ ಮಾತಿನಲ್ಲಿದ್ದ ಹೊತ್ತು ನೋಡಿ ಅದನ್ನು ತೆಗೆದಳು.

"ಅವ್ವಾ, ಒಂದೀಟು ಸೀದಾ ಕುಂಡ್ರು. ಹೆಗಲಿಗಿ ಹಿಡದು ನೋಡತೀನಿ."

ಅಕ್ಕನಾಗಮ್ಮ ಹಾವು ಕಂಡವಳಂತೆ ಹಿಂದೆ ಸರಿದಳು. "ತಗಿ ಅದನ್ನ! ಮಣ್ಣಿಗಿ ಅಳತಿ ಕೊಡಾಕ ಬಂದಿಯೇನ? ನಾ ಇನ್ನಾ ಜೀವಂತ ಇದ್ದೀನಿ."

"ಅಂಗಿಗಿ ಅವ್ವಾ..."

"ನಿಮ್ಮಪ್ಪನ ಹೆಗಲಿಗಿ ಹಿಡದದ್ದು ನೀ ಕಂಡಿಲ್ಲೇನ? ನಂಗ ಥಂಡಿ ಹತ್ತಿದ್ರ ಹತ್ತಲಿ. ಅಳತಿ ಬ್ಯಾಡ."

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಪ್ರೀತಿಯಲ್ಲೂ ಒಂದು ಹಟವಿರುತ್ತದೆ, ಕೊಡುವವರಿಗೆ ಕೊಟ್ಟೇ ತೀರಬೇಕು. ಮಾರನೆಯ ಮಧ್ಯಾಹ್ನ ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಅಕ್ಕನಾಗಮ್ಮ ಉಂಡು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತವಳು ಹಾಗೆಯೇ ನಿದ್ದೆಹೋದಳು. ಗುರುಬಾಯಿ ಬೆಕ್ಕಿನ ಹೆಜ್ಜೆ ಇಡುತ್ತ ಬಂದು ಮಂಡಿಯೂರಿದಳು. ಎಡಹೆಗಲಿನಿಂದ ಬಲಹೆಗಲಿಗೆ ದಾರ ಹಿಡಿದಳು, ಗಂಟು ಹಾಕಿದಳು. ಎರಡೂ ತೋಳಿನ ದಪ್ಪ, ಉದ್ದ, ಬೆನ್ನಿನ ಅಗಲ, ಒಂದೊಂದಕ್ಕೆ ಒಂದು ಗಂಟು. ಕೊನೆಯ ಗಂಟು ಬಿಗಿದು ತಲೆಯೆತ್ತಿದಾಗ ಅವಳಿಗೆ ತಾನು ಮಾಡಿದ್ದು ಕಂಡಿತು. ಅದೇ ಪಡಸಾಲೆ, ಅದೇ ಗೋಡೆ. ಕಣ್ಣು ಮುಚ್ಚಿ ಕೂತ ಮೈ. ದಾರ ಹಿಡಿದ ಕೈ ಮಾತ್ರ ಕಾಕಾನದಲ್ಲ, ತನ್ನದು. ತಾಯಿಯ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ತಾಗುವ ತನಕ ಕಾದಳು.

ಸೊಲ್ಲಾಪುರಕ್ಕೆ ಬಂದು ಹೆಣೆಯಲು ಕೂತಳು. ಹಳದಿ ಬಣ್ಣದ ಲೋಕರ. ಎಡತೋಳು ಮುಗಿಯಿತು, ಬೆನ್ನು ಮುಗಿಯಿತು. ಹೆಗಲು ನಾಲ್ಕು ಬೆರಳು ಇಳಿದಿರುವ ಕಡೆ ಸಾಲು ಹೆಚ್ಚಿಸಿ, ಇನ್ನೊಂದು ಕಡೆ ಇಳಿಸಿ, ಸೋನಾಬಾಯಿಯೇ ಹೌದೆನ್ನುವ ಹಾಗೆ ಕೂರಿಸಿದಳು. ಬಲತೋಳಿಗೆ ಕೈ ಹಚ್ಚಬೇಕು, ಅಷ್ಟರಲ್ಲಿ ನಾಗಣ್ಣನ ಕಾಗದ ಬಂತು. ಮನೆಯ ಮಾತು ಕನ್ನಡವಾದರೂ ಕಾಗದ ಮರಾಠಿಯಲ್ಲೇ ಬರುತ್ತಿತ್ತು. ಸಾತಲಿಂಗಪ್ಪ ಓದಿ ಹೇಳಿದ. ಅತ್ತಿಗೆಗೆ ಎಂಟು ದಿನದಿಂದ ಜ್ವರ, ಎಚ್ಚರವಿಲ್ಲ.

ಗುರುಬಾಯಿ ಎದ್ದು ಹೋಗಿ ಗಂಟಿನ ದಾರವನ್ನು ಒಲೆಗೆ ಹಾಕಿದಳು. ಅದು ಒಂದು ಗಳಿಗೆ ಸುರುಳಿ ಸುತ್ತಿ ಬೂದಿಯಾಯಿತು. ಮರುದಿನ ರೈಲು ಹತ್ತಿ ಹೋಗಿ ತಾಯಿಯ ಕಾಲಬಳಿ ಹನ್ನೆರಡು ದಿನ ಕೂತಳು. ಅಕ್ಕನಾಗಮ್ಮ ಬದುಕಿದಳು. ಎದ್ದು ಕೂತು ಮೊದಲು ಕೇಳಿದ್ದು ನುಚ್ಚಿನ ಗಂಜಿ.

ತಾಯಿ ಬದುಕಿದಳು, ಮಗಳ ತಲೆಗೆ ಹುಳ ಹೊಕ್ಕಿತು. ಅಳೆದದ್ದಕ್ಕೆ ಜ್ವರ ಬಂತು, ಸುಟ್ಟದ್ದಕ್ಕೆ ಬಿಟ್ಟಿತು ಎಂದು ಅವಳ ಲೆಕ್ಕ. ಹಾಗಾದರೆ ಇನ್ನೊಂದು ಸಾಲು ಹೆಣೆದರೆ? ದಾರ ಸುಟ್ಟರೇನು, ಅಳತೆ ಹೆಣಿಗೆಯೊಳಗೆ ಇದೆಯಲ್ಲ! ಬಿಚ್ಚೋಣವೆಂದರೆ ಅದಕ್ಕೂ ಕೈ ಬರಲಿಲ್ಲ. ಆ ಇಳಿದ ಹೆಗಲನ್ನು ಒಂದೊಂದೇ ಸಾಲಾಗಿ ಕಟ್ಟಿದ್ದಳು. ಈಗ ಎಳೆ ಎಳೆದರೆ ಅದು ಸರಸರನೆ ಇಲ್ಲವಾಗುವುದನ್ನು ನೋಡಬೇಕು. ಮುಗಿಸಲಾರಳು, ಬಿಚ್ಚಲಾರಳು. ಟ್ರಂಕಿನ ತಳದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟಳು. ಗಂಡ ಕೇಳಿದ್ದಕ್ಕೆ ಲೋಕರ ಮುಗಿಯಿತು ಎಂದಳು.

ಆ ಚಳಿಗಾಲದಲ್ಲೇ ಮೂಲೆಯದು ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ, ಹಾಸಿಗೆಯ ಸುರುಳಿ ನಿಲ್ಲಿಸಿದ್ದ ಮೂಲೆಯಲ್ಲಿ ಯಾರೋ ಗೋಡೆಗೆ ಒರಗಿ ಕೂತಿರುವಂತೆ ಕಾಣುತ್ತಿತ್ತು. ಮೊದಲು ಅಪ್ಪನೆಂದುಕೊಂಡಳು. ಅಪ್ಪನಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಒಂದು ಸಂಜೆ ದಿಟ್ಟಿಸಿ ನೋಡಿದಳು. ಕೂತವರ ಎಡಹೆಗಲು ನಾಲ್ಕು ಬೆರಳು ಇಳಿದಿತ್ತು.

ಕೈಲಿದ್ದ ಚಿಮಣಿ ಬಿದ್ದು ಒಡೆಯಿತು. ಸಾತಲಿಂಗಪ್ಪ ಹಾಸಿಗೆ ಸುರುಳಿಯನ್ನು ಎತ್ತಿ ಬೇರೆ ಕಡೆ ಇಟ್ಟ. ಹಾಸಿಗೆ ಹೋಯಿತು, ಕೂತವರು ಅಲ್ಲೇ ಉಳಿದರು. ಅವಳು ಆ ಮೂಲೆಯನ್ನು ಗುಡಿಸುವುದನ್ನೇ ಬಿಟ್ಟಳು.

ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಪ್ರತಿ ಮಾರ್ಗಶಿರಕ್ಕೆ ನಾಗಣ್ಣನ ಕಾಗದದಲ್ಲಿ ಅದೇ ಸಾಲು. "ವಹಿನೀಚಾ ಖಾಂದಾ ಥಂಡೀತ ಫಾರ ದುಖತೋ." ಚಳಿಗೆ ಅತ್ತಿಗೆಯ ಹೆಗಲು ಬಹಳ ನೋಯುತ್ತದೆ ಎಂದು ಓದಿದಾಗಲೆಲ್ಲ ಗುರುಬಾಯಿ ಟ್ರಂಕಿನ ಕಡೆ ನೋಡಿ ಮುಖ ತಿರುಗಿಸುವಳು. ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಬಂದ ಬೇಸಿಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಜನ ಸಿಪಾಯಿಗಳಿಗೆ ಹೆದರಿ ಕೂತರೆ ಇವಳು ತನ್ನ ಮನೆಯ ಮೂಲೆಗೆ ಹೆದರಿ ಕೂತಿದ್ದಳು. ಊಟ ಸೇರದಾಯಿತು. ರವಿಕೆಯ ತೋಳು ಜೋಲಾಡತೊಡಗಿತು. ಆ ಪುಷ್ಯದಲ್ಲಿ ಸಾತಲಿಂಗಪ್ಪ ಯಾರಿಗೂ ಹೇಳದೆ ಅಕ್ಕಲಕೋಟಕ್ಕೆ ಕಾಗದ ಹಾಕಿದ. ಐದನೆಯ ದಿನ ಅಕ್ಕನಾಗಮ್ಮ ಬಂದಿಳಿದಳು. ನಾಗಣ್ಣ ಆಕೆಯನ್ನು ಕರೆತಂದು ಬಿಟ್ಟು ಹೋದ.

"ಏನ ಗುರೂ, ಕಡ್ಡಿ ಆಗೀದಿ! ಅಳಿಯಾಂದ್ರು ಉಣ್ಣಾಕ ಕೊಡೂದಿಲ್ಲೇನ?" ಎಂದಳೇ ಹೊರತು ಹೆಚ್ಚು ಕೇಳಲಿಲ್ಲ. ಬಂದವಳೇ ಕೋಣೆಯೆಲ್ಲ ಗುಡಿಸಿದಳು. ಆ ಮೂಲೆಯನ್ನೂ ಗುಡಿಸಿದಳು.

ಮರುದಿನ ಬೆಳಿಗ್ಗೆ ಸಾತಲಿಂಗಪ್ಪ ಗಿರಣಿಗೆ ಹೋಗಿದ್ದ. ಗುರುಬಾಯಿ ನಲ್ಲಿಯಿಂದ ನೀರು ತಂದು ಒಳಗೆ ಕಾಲಿಟ್ಟರೆ ಟ್ರಂಕು ತೆರೆದಿತ್ತು. ಹೊದೆಯಲು ಏನಾದರೂ ಸಿಕ್ಕೀತೆಂದು ಹುಡುಕಿದ ಅಕ್ಕನಾಗಮ್ಮನ ಕೈಯಲ್ಲಿ ಹಳದಿ ಹೆಣಿಗೆ ಇತ್ತು.

"ಇದು ಯಾರದು?"

ಗುರುಬಾಯಿ ಕೊಡ ಇಳಿಸಿದಳು. ಇನ್ನು ಮುಚ್ಚಿಡುವ ಶಕ್ತಿ ಇರಲಿಲ್ಲ. ಎಲ್ಲ ಹೇಳಿದಳು. ನಿದ್ದೆಹೋಗಿದ್ದಾಗ ದಾರ ಹಿಡಿದದ್ದು, ಜ್ವರ ಬಂದದ್ದು, ಸುಟ್ಟದ್ದು, ಮೂಲೆಯಲ್ಲಿ ಕೂತವರು. "ನಾನೇ ನಿನ್ನ ಮಣ್ಣಿಗಿ ಕಳಸಾಕತ್ತಿದ್ನೆವ್ವಾ" ಎಂದು ನೆಲಕ್ಕೆ ಕುಸಿದಳು.

ಅಕ್ಕನಾಗಮ್ಮ ಹೆಣಿಗೆ ಕೈಯಲ್ಲಿ ಹಿಡಿದೇ ಎದ್ದು ಹೊರಗೆ ಹೋಗಿ ಚಾಳಿನ ಕಟ್ಟೆಯ ಬಿಸಿಲಿನಲ್ಲಿ ಕೂತಳು. ಬಹಳ ಹೊತ್ತು ಕೂತಳು. ಒಳಗೆ ಗುರುಬಾಯಿ, ತಾಯಿ ಈಗ ಗಂಟು ಕಟ್ಟಿಕೊಂಡು ಹೊರಡುತ್ತಾಳೆ, ಇನ್ನು ತನ್ನ ಮುಖ ನೋಡುವುದಿಲ್ಲ ಎಂದುಕೊಂಡಳು.

"ಬಾ ಇಲ್ಲಿ" ಎಂದು ಹೊರಗಿನಿಂದ ಕರೆ ಬಂತು. ಗುರುಬಾಯಿ ಹೋಗಿ ಬಾಗಿಲಲ್ಲಿ ನಿಂತಳು. "ಮೂರು ಚಳಿಗಾಲ ನಾ ಹೆಗಲು ಹಿಡಕೊಂಡು ಅತ್ತೀನಿ. ಇದು ಪೆಟ್ಟಿಗ್ಯಾಗ ಮಲಗಿತ್ತು. ನಾ ಸಾಯತೀನೋ ಇಲ್ಲೋ ಅಂತ ನೋಡಕೋತ ಕುಂತಿದ್ದಿಯೇನ ಹುಚ್ಚಿ?"

ಆಕೆ ಹೆಣಿಗೆಯನ್ನು ಹೆಗಲಿಗೆ ಹಾಕಿಕೊಂಡಳು. ಎಡತೋಳು ನೋವಿಲ್ಲದೆ ಒಳಗೆ ಹೋಯಿತು. ಇಳಿದ ಹೆಗಲ ಮೇಲೆ ಅದು ಮೊದಲಿನಿಂದ ಅಲ್ಲೇ ಇದ್ದಂತೆ ಕೂತಿತು. ಆಕೆ ಒಮ್ಮೆ ಅಲುಗಿ ನೋಡಿದಳು, ಜಾರಲಿಲ್ಲ. ಕಣ್ಣು ತುಂಬಿದವು, ದನಿ ಮಾತ್ರ ಜೋರಾಯಿತು.

"ಇನ್ನೊಂದು ತೋಳು ಎಲ್ಲದ?"

"ಹೆಣದಿಲ್ಲವ್ವಾ."

"ಹೆಣಿ."

"ಅಳತಿ ಇಲ್ಲ. ದಾರ ಸುಟ್ಟೀನಿ."

ಅಕ್ಕನಾಗಮ್ಮ ಓಣಿಯನ್ನು ನೋಡಿದಳು, ತನ್ನ ಬಲಗೈಯನ್ನು ನೋಡಿದಳು, ಒಣಗಿದ ಮಗಳನ್ನು ನೋಡಿದಳು. "ಮತ್ತೊಂದು ದಾರ ತಗೊಂಡು ಬಾ" ಎಂದಳು.

ಗುರುಬಾಯಿ ತಂದಳು. ದಾರ ಕೈಯಿಂದ ಎರಡು ಸಲ ಬಿತ್ತು. ಅಕ್ಕನಾಗಮ್ಮ ಕಣ್ಣು ಮುಚ್ಚಿ ತೋಳು ಚಾಚಿದಳು. ದಾರ ತಾಗಿದ್ದೇ ತಡ, ಮೈಯೆಲ್ಲ ಬಿಗಿದು ಉಸಿರು ನಿಂತುಬಿಟ್ಟಿತು. ಗುರುಬಾಯಿ ದಾರ ಬಿಟ್ಟು ಹಿಂದೆ ಸರಿದಳು. ಆಗ ಅಕ್ಕನಾಗಮ್ಮ ಕಣ್ಣು ತೆರೆದು, ಮಗಳ ಕೈ ಹಿಡಿದು ತನ್ನ ಹತ್ತಿರ ಎಳೆದುಕೊಂಡಳು.

"ನಿಮ್ಮಪ್ಪಗ ಹಿಡದಾಗ ಬಿಗಿ ಆತೇನು ಅಂತ ಯಾರೂ ಕೇಳಲಿಲ್ಲ. ಕೇಳಿದ್ರೂ ಅವರಿಗಿ ಹೇಳಾಕ ಬರತಿರಲಿಲ್ಲ. ನನಗ ಬರತದ. ನೀ ಕೇಳು. ಕೇಳಕೋತ ಅಳತಿ ಹಿಡಿ."

ಗುರುಬಾಯಿ ದಾರ ಸುತ್ತಿದಳು.

"ಬಿಗಿ ಆತೇನವ್ವಾ?"

"ತುಸು ಸಡ್ಲ ಬಿಡು" ಎಂದಳು ಅಕ್ಕನಾಗಮ್ಮ. "ರೊಟ್ಟಿ ಬಡೀಬೇಕಲ್ಲ ನಾ."

ಗುರುಬಾಯಿ ಗಂಟನ್ನು ಎರಡು ಬೆರಳು ಮುಂದೆ ಹಾಕಿದಳು.